ರಮಝಾನ್‌ನಲ್ಲಿ ಬಿಟ್ಟದ್ದನ್ನು ಶವ್ವಾಲ್‌ನಲ್ಲಿ ಹಿಡಿಯಬೇಕೇ?

(ಶಿವಮೊಗ್ಗದ ದುರ್ಗಿಗುಡಿಯಲ್ಲಿ ಶವ್ವಾಲ್ ತಿಂಗಳ ಎರಡನೆಯ ಜುಮಾದಂದು ನೀಡಿದ ಪ್ರವಚನದ ಸಾರಾಂಶ)

ನಮ್ಮನ್ನು ಸೃಷ್ಟಿಸಿ, ಪೋಷಿಸಿ, ಇನ್ನೊಂದು ರಮಝಾನನ್ನು ಪೂರ್ಣಗೊಳಿಸುವ ಭಾಗ್ಯ ಕರುಣಿಸಿದ ಅಲ್ಲಾಹನಿಗೆ ಸರ್ವಸ್ತುತಿ. ಅಂತ್ಯ ಪ್ರವಾದಿ ಹಝ್ರತ್ ಮುಹಮ್ಮದ್ (ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಸಹಾಬಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಈದ್ ಮುಗಿದು ಹತ್ತು ದಿನಗಳಾಗುತ್ತಾ ಬಂದವು. ಮಸೀದಿಯ ಸಾಲುಗಳು ಎಷ್ಟು ಕಡಿಮೆಯಾದವು ಎಂಬುದು ಇಂದಿನ ವಿಷಯವಲ್ಲ. ನಮ್ಮ ಜೇಬಿನಲ್ಲಿ, ನಮ್ಮ ನಾಲಿಗೆಯ ಮೇಲೆ, ನಮ್ಮ ದವಡೆಯ ಸಂದಿಯಲ್ಲಿ ಏನಿದೆ ಎಂಬುದೇ ಇಂದಿನ ವಿಷಯ. ಚಹಾ, ಕಾಫಿ, ಎಲೆ ಅಡಿಕೆ, ಕಡ್ಡಿಪುಡಿ, ಪಾನ್ ಮಸಾಲ, ಗುಟ್ಖಾ, ಬೀಡಿ, ಸಿಗರೇಟು. ಇವುಗಳ ಹಿಂದೆ, ನಾವು ಬಾಯಿಬಿಟ್ಟು ಹೇಳಲು ಹಿಂಜರಿಯುವ ಇನ್ನೂ ಕೆಲವಿವೆ: ಹೆಂಡ, ಗಾಂಜಾ, ನಶೆಯ ಮಾತ್ರೆ.

ಕಳೆದ ತಿಂಗಳು ನಮ್ಮಲ್ಲಿ ಪ್ರತಿಯೊಬ್ಬ ಉಪವಾಸಿಗನೂ ತನ್ನ ಬಗ್ಗೆ ತಾನೇ ಒಂದು ಸಾಕ್ಷ್ಯ ಕೊಟ್ಟಿದ್ದಾನೆ. ಸಹರಿಯಿಂದ ಇಫ್ತಾರ್‌ವರೆಗೆ ಸುಮಾರು 13 ಗಂಟೆ. ಗಂಟೆಗೊಂದು ಬೀಡಿ ಹಚ್ಚುವ ಅಡಿಕೆ ಮಂಡಿಯ ಹಮಾಲಿ ಅಷ್ಟೂ ಹೊತ್ತು ಬೀಡಿ ಮುಟ್ಟಲಿಲ್ಲ. ಬೈ-ಟು ಚಹಾ ಇಲ್ಲದೆ ಗೇರ್ ಹಾಕದ ಆಟೋ ಚಾಲಕ ಚಹಾ ಕುಡಿಯಲಿಲ್ಲ. ಬಾಯಲ್ಲಿ ಅಡಿಕೆ ಇಲ್ಲದೆ ಕರಣೆ ಹಿಡಿಯದ ಗಾರೆ ಮೇಸ್ತ್ರಿ ಅಡಿಕೆ ಹಾಕಲಿಲ್ಲ. ಒಂದು ದಿನವಲ್ಲ, ಇಡೀ ತಿಂಗಳು. ಇದೇ ಮಾತನ್ನು ವೈದ್ಯರು ಹೇಳಿದ್ದರೆ "ಆಗುವುದಿಲ್ಲ ಸಾರ್" ಎನ್ನುತ್ತಿದ್ದೆವು. ಹೆಂಡತಿ ಹೇಳಿದ್ದರೆ ಸಿಟ್ಟಾಗುತ್ತಿದ್ದೆವು. ಮಕ್ಕಳು ಹೇಳಿದ್ದರೆ ಗದರುತ್ತಿದ್ದೆವು. ಅಲ್ಲಾಹನು ಹೇಳಿದ, ಆಯಿತು. ಹಾಗಾದರೆ "ನನ್ನಿಂದ ಆಗುವುದಿಲ್ಲ" ಎಂಬ ಮಾತು ಇನ್ನು ನಮ್ಮ ಬಾಯಲ್ಲಿ ಸತ್ಯವಾಗಿ ಉಳಿದಿಲ್ಲ.

ಆದರೆ ಸೂರ್ಯ ಮುಳುಗಿದ ಮೇಲೆ ಏನಾಗುತ್ತಿತ್ತು? ಒಂದು ಖರ್ಜೂರ, ಒಂದು ಗುಟುಕು ನೀರು, ಅಷ್ಟಕ್ಕೇ ಕೆಲವರು ಮಗ್ರಿಬ್‌ನ ಜಮಾಅತ್ ನಿಲ್ಲುವ ಮೊದಲೇ ಮಸೀದಿಯ ಗೇಟಿನ ಆಚೆ ಹೋಗಿ ಹೊಗೆ ಬಿಟ್ಟು ಬರುತ್ತಿದ್ದರು. ಈದ್ ದಿನ ನಮಾಝ್ ಮುಗಿಸಿ, ಅಪ್ಪಿಕೊಂಡು ಮುಬಾರಕ್ ಹೇಳಿ, ನೇರವಾಗಿ ಬೀಡಾ ಅಂಗಡಿಯ ಮುಂದೆ ನಿಂತವರೂ ಇದ್ದಾರೆ. ಒಂದು ತಿಂಗಳ ಬಿಡುವು ಒಂದು ಬೆಳಿಗ್ಗೆಯಲ್ಲಿ ಮುಗಿಯಿತು.

ಒಡೆಯ ಯಾರು?

ಉಪವಾಸ ಕಡ್ಡಾಯವಾದದ್ದು ಯಾಕೆ ಎಂದು ಸೂರಃ ಅಲ್-ಬಕರದ 183ನೇ ವಚನ ತಿಳಿಸುತ್ತದೆ: ನಮ್ಮಲ್ಲಿ ತಕ್ವಾ ಬೆಳೆಯಲಿ ಎಂದು. ಹಗಲು ಹೊತ್ತಿನಲ್ಲಿ ನಾವು ಬಿಟ್ಟದ್ದು ಹಂದಿ ಮಾಂಸವನ್ನಲ್ಲ, ಹೆಂಡವನ್ನಲ್ಲ. ಅವು ಮೊದಲೇ ನಿಷಿದ್ಧ. ನಾವು ಬಿಟ್ಟದ್ದು ಅನ್ನ, ನೀರು. ಅತ್ಯಂತ ಹಲಾಲ್ ಆದ, ಅತ್ಯಂತ ಅಗತ್ಯವಾದ ವಸ್ತುಗಳು. ಹಲಾಲ್ ಆದದ್ದನ್ನೇ ಒಡೆಯನ ಆಜ್ಞೆಗೆ ಬದಿಗಿಡಲು ಕಲಿತವನಿಗೆ ಹರಾಮ್ ಆದದ್ದನ್ನು ಬಿಡುವುದು ಸುಲಭವಾಗುತ್ತದೆ. ಈ ತರಬೇತಿಗೇ ರಮಝಾನ್.

ಚಟ ಮಾಡುವ ಕೆಲಸ ಇದಕ್ಕೆ ನೇರ ವಿರುದ್ಧ. ಮೊದಲು ನಾವು ಅದನ್ನು ಕರೆಯುತ್ತೇವೆ. ಆಮೇಲೆ ಅದು ನಮ್ಮನ್ನು ಕರೆಯುತ್ತದೆ. ನಾಲ್ಕು ಗಂಟೆಗೆ ಕರೆಯಿತು ಎಂದರೆ ನಾಲ್ಕಕ್ಕೆ ಏಳಬೇಕು. ಖುತ್ಬಾದ ನಡುವೆ ಕರೆದರೆ ಕಿವಿ ಇಲ್ಲಿದ್ದರೂ ಮನಸ್ಸು ಹೊರಗೆ. ದಿನಕ್ಕೆ ಐದು ಸಲ ಅಝಾನ್ ಕರೆದಾಗ ಏಳದ ಕಾಲು, ಹತ್ತು ಸಲ ಆ ಚೀಟಿ ಕರೆದಾಗ ಎದ್ದು ಹೋಗುತ್ತದೆ. ನಾವು ಯಾರ ದಾಸರು ಎಂಬ ಪ್ರಶ್ನೆಗೆ ಬಾಯಿ ಕೊಡುವ ಉತ್ತರ ಬೇರೆ, ಕಾಲು ಕೊಡುವ ಉತ್ತರ ಬೇರೆಯಾಗುತ್ತದೆ.

ಆದ್ದರಿಂದ ವರ್ಷವಿಡೀ ನಡುನಡುವೆ ಇವುಗಳಿಂದ ಬಿಡುವು ಪಡೆಯುವುದು ಕೇವಲ ಆರೋಗ್ಯದ ಮಾತಲ್ಲ. ಕೈಯಲ್ಲಿರುವ ವಸ್ತು ನಮ್ಮ ಸೇವಕನೋ ಒಡೆಯನೋ ಎಂದು ತಿಳಿಯಲು ಅದನ್ನು ಕೆಳಗಿಟ್ಟು ನೋಡುವುದೇ ದಾರಿ. ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಶರೀಅತ್ ಹಾಗೆ ತೂಗಿಲ್ಲ. ಹಲಾಲ್ ಆದ ಚಹಾ ಕಾಫಿಗೆ ಒಂದು ಮಾತು, ಹಾನಿಕರವಾದ ಅಡಿಕೆ ತಂಬಾಕಿಗೆ ಇನ್ನೊಂದು ಮಾತು, ಹರಾಮ್ ಆದ ನಶೆಗೆ ಮತ್ತೊಂದು ಮಾತು.

ಚಹಾ ಮತ್ತು ಕಾಫಿ

ಕಾಫಿಯ ಚರಿತ್ರೆ ನಮ್ಮ ಸಮುದಾಯದ ಚರಿತ್ರೆಯೊಂದಿಗೆ ಸೇರಿಕೊಂಡಿದೆ. 15ನೇ ಶತಮಾನದಲ್ಲಿ ಯಮನ್‌ನ ಸೂಫಿಗಳು ರಾತ್ರಿಯ ಝಿಕ್ರ್‌ನಲ್ಲಿ ಎಚ್ಚರವಾಗಿರಲು ಕಾಫಿ ಕುಡಿಯುತ್ತಿದ್ದರು. 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದ. ಆ ನಿಷೇಧ ಬಹಳ ದಿನ ಉಳಿಯಲಿಲ್ಲ. ವಿದ್ವಾಂಸರು ಚರ್ಚಿಸಿದರು, ಕಾಫಿ ಮತ್ತು ಹೆಂಡ ಒಂದೇ ಅಲ್ಲ, ಇದು ಬುದ್ಧಿಯನ್ನು ಮಂಕು ಮಾಡುವುದಿಲ್ಲ ಎಂಬ ತೀರ್ಮಾನವೇ ಕೊನೆಗೆ ನಿಂತಿತು. ನಮ್ಮ ನೆರೆಯ ಚಿಕ್ಕಮಗಳೂರಿನ ಗಿರಿಗೆ ಯಾರ ಹೆಸರಿದೆಯೋ ಆ ಬಾಬಾ ಬುಡನ್‌ರವರೇ ಅರಬ್ ನಾಡಿನಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂದು ಜನರು ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ.

ಆದ್ದರಿಂದ ಚಹಾ ಕಾಫಿಯನ್ನು ಹರಾಮ್ ಎಂದು ಹೇಳಲು ನಾವಿಲ್ಲಿ ನಿಂತಿಲ್ಲ. ಹಲಾಲ್ ಆದದ್ದನ್ನು ಹರಾಮ್ ಮಾಡುವ ಅಧಿಕಾರ ಯಾರಿಗೂ ಇಲ್ಲ. ಭದ್ರಾವತಿಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡಿ ಮಕ್ಕಳನ್ನು ಓದಿಸಿದ ನಮ್ಮ ಹಿರಿಯರಿಗೆ ಆ ಒಂದು ಲೋಟ ಚಹಾ ದೊಡ್ಡ ಆಸರೆಯಾಗಿತ್ತು. ಆದರೆ ಹಲಾಲ್ ವಸ್ತುವಿಗೂ ಮಿತಿಯುಂಟು. ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿ ಎಂಬ ಆದೇಶ ಸೂರಃ ಅಲ್-ಅಅರಾಫ್‌ನ 31ನೇ ವಚನದಲ್ಲಿದೆ.

ಕಾಫಿ ಚಹಾದಲ್ಲಿರುವ ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸಾಮಾನ್ಯವಾಗಿ 5 ಗಂಟೆಯಷ್ಟು ಬೇಕು. ರಾತ್ರಿ ಹತ್ತಕ್ಕೆ ಗೆಳೆಯರೊಂದಿಗೆ ನಿಂತು ಕುಡಿದ ಚಹಾದ ಅರ್ಧ ಭಾಗ ಮೂರು ಗಂಟೆಗೂ ಮೈಯಲ್ಲೇ ಇರುತ್ತದೆ. ನಿದ್ದೆ ತಡವಾಗುತ್ತದೆ, ಫಜ್ರ್ ತಪ್ಪುತ್ತದೆ, ಬೆಳಿಗ್ಗೆ ತಲೆಭಾರ ಕಳೆಯಲು ಮತ್ತೆ ಎರಡು ಲೋಟ. ಝಿಕ್ರ್‌ಗಾಗಿ ಎಚ್ಚರವಿರಲು ಹಿಂದಿನವರು ಕುಡಿದದ್ದನ್ನು ನಾವು ಫಜ್ರ್ ಕಳೆದುಕೊಳ್ಳಲು ಕುಡಿಯುತ್ತಿದ್ದೇವೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಕೆಫೀನ್‌ವರೆಗೆ ಸಮಸ್ಯೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಒಂದು ಕಪ್ ಗಟ್ಟಿ ಕಾಫಿಯಲ್ಲಿ ಸುಮಾರು 100 ಮಿಲಿಗ್ರಾಂ ಇರಬಹುದು. ಚಹಾದಲ್ಲಿ ಅದರ ಅರ್ಧದಷ್ಟು. ಲೆಕ್ಕ ನಾವೇ ಹಾಕಿಕೊಳ್ಳಬಹುದು. ಮನೆಯ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು ಮುಟ್ಟಿಸಿ. ಊಟದ ಜೊತೆಗೇ ಚಹಾ ಕುಡಿದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತಹೀನತೆ ಇರುವವರು ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿಡಲಿ.

ರಮಝಾನ್‌ನ ಮೊದಲ ಎರಡು ಮೂರು ದಿನ ಅಸರ್ ಹೊತ್ತಿಗೆ ತಲೆ ಸಿಡಿಯುತ್ತಿತ್ತು ಎಂದು ಬಹಳ ಜನ ಹೇಳುತ್ತಾರೆ. ಅದಕ್ಕೆ ಹಸಿವೆಯೊಂದೇ ಕಾರಣವಲ್ಲ. ಕೆಫೀನ್ ನಿಂತ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ, ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಮುಂದಿನ ರಮಝಾನ್‌ಗೆ ಶಅಬಾನ್‌ನಿಂದಲೇ ದಿನಕ್ಕೆ ಅರ್ಧ ಲೋಟದಂತೆ ಕಡಿಮೆ ಮಾಡುತ್ತಾ ಬಂದವನು ಮೊದಲ ರೋಝಾದ ಅಸರ್ ನಮಾಝನ್ನು ನೆಮ್ಮದಿಯಿಂದ ನಿರ್ವಹಿಸಬಲ್ಲ.

ಅಡಿಕೆ ಮತ್ತು ತಂಬಾಕು

ಇನ್ನು ನಮ್ಮ ಜಿಲ್ಲೆಯಲ್ಲಿ ಹೇಳಲು ಸ್ವಲ್ಪ ಕಷ್ಟವಾದ ವಿಷಯ. ಅಡಿಕೆ ಇಲ್ಲಿ ಅನ್ನ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ದರ ಕೂಗುವ ಮಂಡಿಯಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಖೇಣಿ ಹಿಡಿಯುವವರು, ಕೊನೆ ತೆಗೆಯುವವರು, ಮನೆಯಂಗಳದಲ್ಲಿ ಕೂತು ಸುಲಿಯುವ ತಾಯಂದಿರು, ಲೋಡು ಹೊರುವವರು, ಲಾರಿ ಓಡಿಸುವವರು ನಮ್ಮಲ್ಲೂ ಇದ್ದಾರೆ. ಅವರ ದುಡಿಮೆಯನ್ನು ನಾವು ಹೀಗಳೆಯುತ್ತಿಲ್ಲ. ಆದರೆ ಮಂಡಿಯಲ್ಲಿ ಇರುವುದೆಲ್ಲ ಬಾಯಲ್ಲೂ ಇರಬೇಕೆಂದಿಲ್ಲ.

ಹಿಂದೆ ಊಟವಾದ ಮೇಲೆ ಒಂದು ಎಲೆ, ಒಂದು ಚೂರು ಅಡಿಕೆ ಇತ್ತು. ಇಂದು ಬೆಳಿಗ್ಗೆ ಬಾಯಿ ತೊಳೆದ ಕೂಡಲೇ ಚೀಟಿ ಹರಿಯುವ ಹದಿನೈದು ವರ್ಷದ ಹುಡುಗರಿದ್ದಾರೆ. 2013ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಗುಟ್ಖಾವನ್ನು ನಿಷೇಧಿಸಿತು. ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಪಾನ್ ಮಸಾಲದ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ. ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕುತ್ತಾರೆ. ಕಾನೂನಿನ ಕಣ್ಣು ತಪ್ಪಿಸಬಹುದು, ಬಾಯಿಯ ಒಳಚರ್ಮದ ಕಣ್ಣು ತಪ್ಪಿಸಲಾಗುವುದಿಲ್ಲ.

ತಂಬಾಕು ಹಾಕದ ಬರೀ ಅಡಿಕೆ ಏನೂ ಮಾಡುವುದಿಲ್ಲ ಎಂಬ ಮಾತನ್ನು ನಾವು ಬಹಳ ಕೇಳುತ್ತೇವೆ. ಅಡಿಕೆ ಜಗಿಯುವುದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ, ತಂಬಾಕು ಇರಲಿ ಇಲ್ಲದಿರಲಿ, ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಕ್ಯಾನ್ಸರ್‌ಗೂ ಮೊದಲು ಇನ್ನೊಂದು ಕಾಯಿಲೆ ಬರುತ್ತದೆ. ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಟ್ಟಿಯಾಗುತ್ತದೆ, ಖಾರ ತಿಂದರೆ ಉರಿಯುತ್ತದೆ, ಬಾಯಿ ತೆರೆಯುವುದು ದಿನದಿನಕ್ಕೆ ಕಡಿಮೆಯಾಗುತ್ತದೆ. ಮೂರು ಬೆರಳು ಸೇರಿಸಿ ಲಂಬವಾಗಿ ಹಲ್ಲುಗಳ ನಡುವೆ ಇಟ್ಟು ನೋಡಿ. ಸಲೀಸಾಗಿ ಹೋಗದಿದ್ದರೆ ತಡ ಮಾಡದೆ ದಂತವೈದ್ಯರನ್ನು ಕಾಣಿ. ಗಟ್ಟಿಯಾದ ಚರ್ಮ ಮೊದಲಿನಂತಾಗುವುದು ಕಷ್ಟ. ಬೇಗ ಬಿಟ್ಟವನಿಗೆ ಅಲ್ಲಿಗಾದರೂ ನಿಲ್ಲುವ ಅವಕಾಶವಿದೆ. ಅಲ್ಲಾಹನ ಕಲಾಮನ್ನು ಓದಲೆಂದು ಕೊಟ್ಟ ಬಾಯಿ, ಒಂದು ತುತ್ತು ಅನ್ನಕ್ಕೂ ತೆರೆಯದಂತೆ ಮಾಡಿಕೊಂಡರೆ ನಾಳೆ ಏನು ಉತ್ತರ ಕೊಡೋಣ?

2016-17ರಲ್ಲಿ ದೇಶದಾದ್ಯಂತ ನಡೆದ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರ ಪೈಕಿ ನೂರಕ್ಕೆ ಸುಮಾರು 23 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರಿಗಿಂತ ಜಗಿಯುವವರೇ ಹೆಚ್ಚು. ಹೆಂಗಸರೂ ಇದ್ದರು. ಸೆರಗಿನ ಗಂಟಿನಲ್ಲಿ ಕಡ್ಡಿಪುಡಿ ಇಟ್ಟುಕೊಳ್ಳುವ ಅಜ್ಜಿಯಂದಿರು ನಮ್ಮ ಮೊಹಲ್ಲಾಗಳಲ್ಲೂ ಇದ್ದಾರೆ. ಅವರ ಮಡಿಲಲ್ಲಿ ಕೂತ ಮೊಮ್ಮಗು ಅದನ್ನು ನೋಡುತ್ತಲೇ ಬೆಳೆಯುತ್ತದೆ.

ತಂಬಾಕಿನ ವಿಧಿಯಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಹಿಂದಿನ ಹಲವರು ಮಕ್ರೂಹ್ ಎಂದರು. ಅದರ ಹಾನಿ ಸ್ಪಷ್ಟವಾದ ಮೇಲೆ ಇಂದಿನ ಅನೇಕ ಉಲಮಾಗಳು ಹರಾಮ್ ಎಂದೇ ಹೇಳುತ್ತಾರೆ. ಆದರೆ ಅದು ಒಳ್ಳೆಯದು ಎಂದವರು ಯಾರೂ ಇಲ್ಲ. ಸ್ವಂತ ಕೈಗಳಿಂದ ವಿನಾಶಕ್ಕೆ ಬೀಳಬಾರದೆಂದು ಸೂರಃ ಅಲ್-ಬಕರದ 195ನೇ ವಚನ ಎಚ್ಚರಿಸುತ್ತದೆ. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದವರು ಆ ವಾಸನೆಯೊಂದಿಗೆ ಮಸೀದಿಗೆ ಬರಬಾರದೆಂದು ಪ್ರವಾದಿ (ಸ) ಹೇಳಿದ್ದಾರೆ. ಅವು ಹಲಾಲ್ ತರಕಾರಿಗಳು. ಹಾಗಾದರೆ ಪಕ್ಕದಲ್ಲಿ ಸಜ್ದಾ ಮಾಡುವವನ ಮೂಗಿಗೆ ಬೀಡಿಯ ವಾಸನೆ ತಂದು ನಿಲ್ಲಿಸುವುದು ಹೇಗೆ ಸರಿಯಾದೀತು?

ಇನ್ನು ಹಣದ ಲೆಕ್ಕ. ದಿನಕ್ಕೆ 60 ರೂಪಾಯಿ ಇವುಗಳಿಗೆ ಹೋದರೆ ತಿಂಗಳಿಗೆ 1,800, ವರ್ಷಕ್ಕೆ 21,900 ರೂಪಾಯಿ. ಮಗಳ ಕಾಲೇಜು ಶುಲ್ಕಕ್ಕೆ ಸಾಲ ಕೇಳಿಕೊಂಡು ಬರುವ ತಂದೆಯ ಜೇಬಿನಿಂದ ಹೋಗುತ್ತಿರುವ ಹಣವಿದು. ಆಯುಷ್ಯವನ್ನು ಎಲ್ಲಿ ಕಳೆದೆ, ದೇಹವನ್ನು ಎಲ್ಲಿ ಸವೆಸಿದೆ, ಸಂಪತ್ತನ್ನು ಎಲ್ಲಿ ಖರ್ಚು ಮಾಡಿದೆ ಎಂದು ಉತ್ತರಿಸದೆ ಅಂತ್ಯದಿನದಲ್ಲಿ ಯಾರ ಪಾದವೂ ಸರಿಯಲಾರದೆಂದು ಹದೀಸ್‌ನಲ್ಲಿದೆ. ಈ ಒಂದು ಚಟದ ಬಗ್ಗೆ ಮೂರೂ ಪ್ರಶ್ನೆಗಳು ಏಳುತ್ತವೆ.

ಈಗ ರಮಝಾನ್ ಕೊಟ್ಟ ಬಿಡುವನ್ನು ನೋಡೋಣ. ಸಿಗರೇಟು ಬಿಟ್ಟ ಸುಮಾರು 12 ಗಂಟೆಗಳಲ್ಲಿ ರಕ್ತದಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಸಹಜ ಮಟ್ಟಕ್ಕೆ ಇಳಿಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ನಮ್ಮ ರೋಝಾ ಸುಮಾರು 13 ಗಂಟೆ. ಅಂದರೆ ಪ್ರತಿದಿನ ಇಫ್ತಾರ್ ಹೊತ್ತಿಗೆ ಅಲ್ಲಾಹನು ನಮ್ಮ ರಕ್ತವನ್ನು ಆ ವಿಷದಿಂದ ಶುದ್ಧ ಮಾಡಿ ಕೈಗೆ ಕೊಡುತ್ತಿದ್ದ. ಖರ್ಜೂರದ ಬೀಜ ಉಗಿಯುವ ಮೊದಲೇ ನಾವು ಅದನ್ನು ಮತ್ತೆ ಕೊಳಕು ಮಾಡುತ್ತಿದ್ದೆವು.

ಸಹೋದರರೇ, ಇದನ್ನು ಬಿಡಬೇಕೆಂದಿರುವವರು ಒಂದು ಸರಳ ಲೆಕ್ಕ ಗಮನಿಸಿ. ಹಗಲಿನ 13 ಗಂಟೆ ನೀವು ಗೆದ್ದಿದ್ದೀರಿ. ರಾತ್ರಿ ನಿದ್ದೆಯಲ್ಲಿ ಯಾರೂ ಬೀಡಿ ಸೇದುವುದಿಲ್ಲ. ಗೆಲ್ಲಬೇಕಾದದ್ದು ಇಫ್ತಾರ್‌ನಿಂದ ನಿದ್ದೆಯವರೆಗಿನ ನಾಲ್ಕೈದು ಗಂಟೆ ಮಾತ್ರ. ಆ ಹೊತ್ತಿನಲ್ಲಿ ಮಗ್ರಿಬ್ ಇದೆ, ಇಶಾ ಇದೆ. ಚಟದ ತುಡಿತ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆ ನಿಮಿಷಗಳಲ್ಲಿ ಎದ್ದು ವುಝೂ ಮಾಡಿ, ಒಂದು ಲೋಟ ನೀರು ಕುಡಿಯಿರಿ, ಮಿಸ್ವಾಕ್ ಮಾಡಿ, ಎರಡು ರಕಅತ್ ನಮಾಝ್ ಮಾಡಿ. ಬಾಯಿಗೆ ಏನಾದರೂ ಬೇಕು ಎನಿಸುವವರಿಗೆ ಮಿಸ್ವಾಕ್‌ಗಿಂತ ಒಳ್ಳೆಯದು ಯಾವುದಿದೆ? ಮೊದಲ ಮೂರು ದಿನ ಹೆಚ್ಚು ಕಷ್ಟ. ಮೂರು ನಾಲ್ಕು ವಾರಗಳಲ್ಲಿ ಹಗುರವಾಗುತ್ತಾ ಬರುತ್ತದೆ. ಚಟಕ್ಕೆ ಮದ್ದೂ ಇದೆ, ಕೇಳಲು ನಾಚಿಕೆ ಬೇಡ. ದುರ್ಗಿಗುಡಿಯ ಸುತ್ತಮುತ್ತ ವೈದ್ಯರಿಗೆ ಕೊರತೆಯಿಲ್ಲ. 1800-11-2356 ಸರಕಾರದ ಉಚಿತ ತಂಬಾಕು ಸಹಾಯವಾಣಿ.

ನಶೆಗೆ ಬಿಡುವಲ್ಲ, ವಿದಾಯ

ಮೂರನೆಯದು ಹೆಂಡ, ಗಾಂಜಾ ಮತ್ತು ನಶೆಯ ಮಾತ್ರೆಗಳು. ಇಲ್ಲಿ "ನಡುನಡುವೆ ಬಿಡುವು" ಎಂಬ ಮಾತೇ ಇಲ್ಲ. ಕೆಲವರು ಹೇಳುವುದುಂಟು: "ನಾನು ರಮಝಾನ್‌ನಲ್ಲಿ ಮುಟ್ಟುವುದಿಲ್ಲ, ಹಝ್ರತ್." ಆ ಮಾತಿನಲ್ಲಿರುವ ಗೌರವವನ್ನು ನಾವು ಗೇಲಿ ಮಾಡುವುದಿಲ್ಲ. ಅದು ಎದೆಯಲ್ಲಿ ಇನ್ನೂ ಉಳಿದಿರುವ ಈಮಾನ್‌ನ ಕಿಡಿ. ಆದರೆ ರಮಝಾನ್‌ನಲ್ಲಿ ನೋಡುವ ಅಲ್ಲಾಹನು ಶವ್ವಾಲ್‌ನಲ್ಲಿಯೂ ನೋಡುತ್ತಾನೆ. ಒಂದು ತಿಂಗಳು ಬಿಟ್ಟದ್ದು ಹನ್ನೊಂದು ತಿಂಗಳಿಗೆ ಪರವಾನಗಿಯಾಗುವುದಿಲ್ಲ.

ಹೆಂಡ ಹಂತಹಂತವಾಗಿ ನಿಷಿದ್ಧವಾದ ಬಗೆಯಲ್ಲಿ ನಮಗೆ ದೊಡ್ಡ ಪಾಠವಿದೆ. ಮೊದಲು ಸೂರಃ ಅಲ್-ಬಕರದ 219ನೇ ವಚನ, ಅದರ ಪ್ರಯೋಜನಕ್ಕಿಂತ ಪಾಪವೇ ದೊಡ್ಡದೆಂದು ತಿಳಿಸಿತು. ಆಮೇಲೆ ಸೂರಃ ಅನ್ನಿಸಾದ 43ನೇ ವಚನ, ಅಮಲಿನಲ್ಲಿರುವಾಗ ನಮಾಝ್‌ನ ಹತ್ತಿರ ಬರಬಾರದೆಂದಿತು. ದಿನಕ್ಕೆ ಐದು ನಮಾಝ್. ಒಂದರ ಅಮಲು ಇಳಿಯುವಷ್ಟರಲ್ಲಿ ಇನ್ನೊಂದರ ಹೊತ್ತು. ಹೀಗೆ ಕುಡಿಯುವವನ ದಿನದ ಒಳಗೇ ಬಿಡುವುಗಳನ್ನು ಇಡಲಾಯಿತು. ಜನರು ಆ ಬಿಡುವುಗಳಲ್ಲಿ ಪಳಗಿದ ಮೇಲೆ ಸೂರಃ ಅಲ್-ಮಾಇದದ 90 ಮತ್ತು 91ನೇ ವಚನಗಳು ಬಂದು ಬಾಗಿಲನ್ನೇ ಮುಚ್ಚಿದವು. ಹೆಂಡ ಮತ್ತು ಜೂಜಿನ ಮೂಲಕ ನಮ್ಮ ನಡುವೆ ಹಗೆತನ ಹುಟ್ಟಿಸುವುದು, ಅಲ್ಲಾಹನ ಸ್ಮರಣೆಯಿಂದ, ನಮಾಝ್‌ನಿಂದ ತಡೆಯುವುದು ಶೈತಾನನ ಉದ್ದೇಶವೆಂದು ಅಲ್ಲಿ ತಿಳಿಸಿ, ಇನ್ನಾದರೂ ನಿಲ್ಲಿಸುವಿರಾ ಎಂದು ಕೇಳಲಾಗಿದೆ. ಬಿಡುವು ಅಂದು ಗುರಿಯಾಗಿರಲಿಲ್ಲ, ಮೆಟ್ಟಿಲಾಗಿತ್ತು. ಆ ಮೆಟ್ಟಿಲನ್ನು ನಮ್ಮ ಹಿರಿಯರು ಹತ್ತಿ ಮುಗಿಸಿದ್ದಾರೆ. ಮತ್ತೆ ಕೆಳಗಿಳಿದು ಕೂರಲು ನಮಗೆ ಅನುಮತಿಯಿಲ್ಲ.

ಆ ಆಜ್ಞೆ ಬಂದ ದಿನವನ್ನು ಹಝ್ರತ್ ಅನಸ್ ಬಿನ್ ಮಾಲಿಕ್ (ರ) ವಿವರಿಸಿದ್ದಾರೆ. ಅವರು ಹಝ್ರತ್ ಅಬೂ ತಲ್ಹಾ (ರ)ರ ಮನೆಯಲ್ಲಿ ಅತಿಥಿಗಳಿಗೆ ಖರ್ಜೂರದ ಹೆಂಡ ಹಂಚುತ್ತಿದ್ದರು. ಹೊರಗಿನಿಂದ ಒಬ್ಬರ ಕೂಗು ಕೇಳಿಸಿತು, ಹೆಂಡ ಹರಾಮ್ ಆಗಿದೆ ಎಂದು. ಇದ್ದದ್ದನ್ನೆಲ್ಲ ಚೆಲ್ಲಿಬಿಡು ಎಂದು ಅಬೂ ತಲ್ಹಾ ಹೇಳಿದರು. ಯಾರೂ ವಾದಿಸಲಿಲ್ಲ. ಕೈಯಲ್ಲಿರುವುದನ್ನು ಮುಗಿಸಿ ನಾಳೆಯಿಂದ ನೋಡೋಣ ಎನ್ನಲಿಲ್ಲ. ಮದೀನಾದ ಬೀದಿಗಳಲ್ಲಿ ಹೆಂಡ ಹರಿಯಿತು. ಅವರೂ ಮನುಷ್ಯರೇ, ಬಾಲ್ಯದಿಂದ ಕುಡಿದವರೇ.

ಅಮಲು ತರುವ ಎಲ್ಲವೂ ಹರಾಮ್, ಹೆಚ್ಚು ಕುಡಿದರೆ ಅಮಲು ತರುವಂಥದ್ದು ಸ್ವಲ್ಪವಾದರೂ ಹರಾಮ್ ಎಂಬುದು ಪ್ರವಾದಿ (ಸ)ರ ಬೋಧನೆ. ಗಾಂಜಾ ಹೆಂಡವಲ್ಲವಲ್ಲ ಎಂದು ವಾದಿಸುವ ಹುಡುಗರಿಗೆ ಉತ್ತರ ಅಲ್ಲೇ ಇದೆ. ನೆಲದ ಕಾನೂನಿನಲ್ಲೂ ಅದು ಅಪರಾಧ. ಒಂದು ಪ್ರಕರಣ ದಾಖಲಾದರೆ ಆ ಹುಡುಗನ ಓದು, ಉದ್ಯೋಗ, ಅವನ ಅಮ್ಮಿಯ ನಿದ್ದೆ ಎಲ್ಲವೂ ಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದಾಗ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ತೌಬಾ ಇಂದೇ ಮಾಡಲಿ, ಜೊತೆಗೆ ಇಂದೇ ಆಸ್ಪತ್ರೆಗೂ ಹೋಗಲಿ. ನಮ್ಮೂರಿನ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. 14446 ನಶೆ ಬಿಡಲು ನೆರವಾಗುವ ಸರಕಾರಿ ಸಹಾಯವಾಣಿ. ಔಷಧಿ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ವರ್ಷವಿಡೀ ಇರುವ ಬಿಡುವುಗಳು

ರಮಝಾನ್ ಮುಗಿದರೂ ಸುನ್ನತ್ ನಮ್ಮನ್ನು ಬರಿಗೈಯಲ್ಲಿ ಬಿಟ್ಟಿಲ್ಲ. ಸೋಮವಾರ ಮತ್ತು ಗುರುವಾರದ ಉಪವಾಸಗಳಿವೆ. ಪ್ರತಿ ಚಾಂದ್ರಮಾನ ತಿಂಗಳ 13, 14, 15ರ ಉಪವಾಸಗಳಿವೆ. ಈ ಶವ್ವಾಲ್‌ನ ಆರು ಉಪವಾಸಗಳಿಗೆ ಇನ್ನೂ ಸಮಯವಿದೆ. ರಮಝಾನ್‌ನ ನಂತರ ಇವನ್ನೂ ಆಚರಿಸಿದವನು ಸದಾಕಾಲ ಉಪವಾಸವಿದ್ದಂತೆ ಎಂಬುದು ಸಹೀಹ್ ಹದೀಸ್. ಇವು ಕಡ್ಡಾಯವಲ್ಲ. ಆದರೆ ವಾರಕ್ಕೊಂದೆರಡು ದಿನ, ತಿಂಗಳಿಗೆ ಮೂರು ದಿನ ಚಹಾ, ಅಡಿಕೆ, ಹೊಗೆ ಎಲ್ಲದರಿಂದ ನಮ್ಮನ್ನು ಬಿಡಿಸಿಕೊಳ್ಳುವ ವ್ಯವಸ್ಥೆ ಅದರಲ್ಲಿದೆ. ಸಂಕಲ್ಪ ಮಾತ್ರ ಇಬಾದತ್‌ನದ್ದೇ ಆಗಿರಲಿ. ಆರೋಗ್ಯ ಅದರ ಹಿಂದೆ ತಾನಾಗಿ ಬರುತ್ತದೆ.

ಅತಿರೇಕವೂ ಬೇಡ. ಪ್ರತಿದಿನ ಉಪವಾಸವಿರಲು ಬಯಸಿದ ಹಝ್ರತ್ ಅಬ್ದುಲ್ಲಾ ಬಿನ್ ಅಮ್ರ್ (ರ)ರನ್ನು ಪ್ರವಾದಿ (ಸ) ತಡೆದು, ದೇಹಕ್ಕೂ ಮನೆಯವರಿಗೂ ನಿಮ್ಮ ಮೇಲೆ ಹಕ್ಕಿದೆ ಎಂದು ತಿಳಿಸಿದರು. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ನಿರ್ಧರಿಸಲಿ. ಸ್ವಲ್ಪವಾದರೂ ಬಿಡದೆ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯ.

ನಮ್ಮೆಲ್ಲರ ಹೊಣೆ

ಈ ಕೆಲಸವನ್ನು ಒಬ್ಬೊಬ್ಬರ ಮೇಲೆ ಹೊರಿಸಿ ನಾವು ಸುಮ್ಮನಿರುವಂತಿಲ್ಲ. ನಮ್ಮ ಶಾದಿಗಳಲ್ಲಿ ಊಟದ ಕೊನೆಗೆ ಜರ್ದಾ ಬೀಡಾ ಇಡುವುದನ್ನು ನಿಲ್ಲಿಸೋಣ. ಅಂಗಡಿ ನಡೆಸುವ ಸಹೋದರರು ಯೋಚಿಸಲಿ. 21 ವರ್ಷದೊಳಗಿನವರಿಗೆ ತಂಬಾಕು ಮಾರುವುದು ಇಂದು ನಮ್ಮ ರಾಜ್ಯದಲ್ಲಿ ಕಾನೂನುಬಾಹಿರ. ಅಲ್ಲಾಹನ ಮುಂದೆ ಅದರ ಲೆಕ್ಕ ಇನ್ನೂ ದೊಡ್ಡದು. ಮನೆಯಲ್ಲಿ ತಂದೆ "ಹೋಗಿ ಒಂದು ಚೀಟಿ ತಾ" ಎಂದು ಮಗನನ್ನು ಅಂಗಡಿಗೆ ಕಳುಹಿಸಿದರೆ, ಆ ಮಗನಿಗೆ ದಾರಿ ತೋರಿಸಿದವನು ಆ ತಂದೆಯೇ.

ಬಿದ್ದವನನ್ನು ಹೀಯಾಳಿಸುವುದೂ ಬೇಡ. ಪ್ರವಾದಿ (ಸ)ರ ಕಾಲದಲ್ಲಿ ಕುಡಿತಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ಒಬ್ಬ ಸಹಾಬಿ ಇದ್ದರು. ಒಬ್ಬರು ಅವರನ್ನು ಶಪಿಸಿದಾಗ ಪ್ರವಾದಿ (ಸ) ತಡೆದರು. ಆತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನೆಂದು ತಿಳಿಸಿದರು. ಶಿಕ್ಷೆಯೂ ಆಯಿತು, ಪ್ರೀತಿಯೂ ಉಳಿಯಿತು. ನಮ್ಮ ಬೀದಿಯ ಹುಡುಗ ನಶೆಯಲ್ಲಿ ಸಿಕ್ಕಾಗ ನಾವು ವಿಡಿಯೋ ಮಾಡಿ ಹಂಚುತ್ತೇವೋ, ಅಥವಾ ಅವನ ಕೈ ಹಿಡಿದು ವೈದ್ಯರ ಬಳಿಗೂ ಮಸೀದಿಗೂ ಕರೆದುಕೊಂಡು ಹೋಗುತ್ತೇವೋ? ಒಂದು ಸಲ ಬಿಟ್ಟು ಮತ್ತೆ ಹಿಡಿದವನಿಗೆ "ಇವನು ಸುಧಾರಿಸುವವನಲ್ಲ" ಎನ್ನಬೇಡಿ. ತೌಬಾದ ಬಾಗಿಲು ಎಷ್ಟನೆಯ ಸಲವಾದರೂ ತೆರೆದೇ ಇದೆ.

ಇಂದು ಮನೆಗೆ ಹೋಗಿ ನಾವೆಲ್ಲರೂ ಒಂದು ಕೆಲಸ ಮಾಡೋಣ. ರಮಝಾನ್‌ನಲ್ಲಿ ಹಗಲೆಲ್ಲ ಬಿಟ್ಟಿದ್ದು, ಈದ್ ದಿನ ಮತ್ತೆ ಹಿಡಿದದ್ದು ಯಾವುದು ಎಂದು ಕೂತು ಯೋಚಿಸೋಣ. ಅದು ಹಲಾಲ್ ಆಗಿದ್ದರೆ ಮಿತಿ ಗೊತ್ತುಮಾಡೋಣ. ಹಾನಿಕರವಾಗಿದ್ದರೆ ಮುಂದಿನ ಸೋಮವಾರದ ಉಪವಾಸದಿಂದ ಬಿಡಲು ಶುರುಮಾಡೋಣ. ಹರಾಮ್ ಆಗಿದ್ದರೆ ಸೋಮವಾರಕ್ಕೂ ಕಾಯುವುದು ಬೇಡ, ಅಸರ್‌ಗೂ ಕಾಯುವುದು ಬೇಡ.

ಓ ಅಲ್ಲಾಹ್, ನಮ್ಮನ್ನು ನಿನ್ನ ಹೊರತು ಬೇರಾವುದರ ದಾಸರನ್ನಾಗಿಯೂ ಮಾಡಬೇಡ. ಹಲಾಲ್‌ನಲ್ಲಿ ನಮಗೆ ತೃಪ್ತಿಯನ್ನೂ ಹರಾಮ್‌ನಿಂದ ಬಿಡುಗಡೆಯನ್ನೂ ಕೊಡು. ಚಟದಲ್ಲಿ ಸಿಲುಕಿರುವ ನಮ್ಮ ಸಹೋದರರಿಗೆ ಬಿಡುವ ಶಕ್ತಿಯನ್ನು, ಅವರ ಮನೆಯವರಿಗೆ ಸಹನೆಯನ್ನು, ನಮ್ಮ ಮಕ್ಕಳಿಗೆ ರಕ್ಷಣೆಯನ್ನು ಕರುಣಿಸು. ಮುಂದಿನ ರಮಝಾನ್ ನಮ್ಮನ್ನು ಈ ರಮಝಾನ್‌ಗಿಂತ ಹಗುರವಾದ ಜೇಬಿನಲ್ಲಿ, ಶುಭ್ರವಾದ ಬಾಯಲ್ಲಿ ಕಾಣುವಂತೆ ಮಾಡು. ಆಮೀನ್.